ಅಮ್ಮ ಬೇಡವೆಂದ ಮನೆ

ಕೊರಿಯಾದ ಇಂಚಿಯೋನ್ ನಗರದ ಗುಡ್ಡದ ಕೇರಿಯ ಹಳೆಯ ಇಟ್ಟಿಗೆ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ನಾವಿದ್ದದ್ದು ಅಂಥದೊಂದರ ಮೂರನೇ ಮಹಡಿಯಲ್ಲಿ. ಹುಟ್ಟಿದಾಗಿನಿಂದ ನನ್ನ ಕಾಲು ನನ್ನ ಭಾರ ಹೊತ್ತಿಲ್ಲ, ಹೊತ್ತವಳು ಅಮ್ಮ. ಇಪ್ಪತ್ತೊಂಬತ್ತು ವರ್ಷದ ಮಗಳನ್ನು ಬೆನ್ನ ಮೇಲೆ ಹಾಕಿಕೊಂಡು ಮೂವತ್ತೆಂಟು ಮೆಟ್ಟಿಲು ಇಳಿಯುತ್ತಿದ್ದಳು. ಕೆಳಗೆ ಟಾರ್ಪಾಲು ಹೊದಿಸಿಟ್ಟಿದ್ದ ಮೋಟರ್ ಗಾಲಿಕುರ್ಚಿಯಲ್ಲಿ ನನ್ನನ್ನು ಕೂರಿಸಿದ ಮೇಲೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವಳಿಗೆ ಐವತ್ತೆಂಟು ದಾಟಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ಹೀಗಾಗಿ ನಾನು ವಾರಕ್ಕೆ ಎರಡೇ ಸಲ ಹೊರಗೆ ಹೋಗುತ್ತಿದ್ದೆ. ಉಳಿದ ದಿನ ಮನೆಯಲ್ಲೇ ಕೂತು ಆನ್‌ಲೈನ್ ಪಾಠಗಳ ಅಡಿಬರಹ ತಿದ್ದುವ ಕೆಲಸ. ಗಾಲಿಕುರ್ಚಿ ಓಡಾಡುವಂಥ ಮನೆಗಳು ಊರಲ್ಲಿ ಇರಲಿಲ್ಲವೆಂದಲ್ಲ, ಅವುಗಳ ಮುಂಗಡ ಕೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಬೇಕಾಗುತ್ತಿತ್ತು. ಇದ್ದದ್ದು ಒಂದೇ ದಾರಿ: ಸರ್ಕಾರ ಅಂಗವಿಕಲರಿಗೆ ಕಡಿಮೆ ಬಾಡಿಗೆಗೆ ಕೊಡುವ ಮನೆ. ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದ್ದೆ. ಆಗ ನನಗೆ ಜ್ವರವಿದ್ದುದರಿಂದ ಅಮ್ಮನೇ ಹೋಗಿ ತುಂಬಿ ಬಂದಿದ್ದಳು.

ಆ ವಸಂತದಲ್ಲಿ, ನಮ್ಮಂಥವರು ಸೇರುವ ಕೇಂದ್ರದಲ್ಲಿ, ಗೆಳೆಯ ದುಯೋಂಗ್ ತನಗೆ ಮನೆ ಸಿಕ್ಕ ಸುದ್ದಿ ಹೇಳಿದ. ಅವನು ಅರ್ಜಿ ಹಾಕಿದ್ದು ನನಗಿಂತ ಒಂದು ವರ್ಷ ತಡವಾಗಿ.

"ನಿಂಗೆ ಇನ್ನೂ ಬಂದಿಲ್ವಾ?" ಎಂದ. "ಒಂದ್ಸಲ ಫೋನ್ ಮಾಡಿ ಕೇಳೇ. ಕಾಗದ ಎಲ್ಲೋ ಮಲಗಿರ್ಬೇಕು."

ಅಲ್ಲಿಂದಲೇ ಮನೆ ಹಂಚುವ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಹುಡುಕಿ ಹೇಳಿದಳು: "ನಿಮ್ಮ ಸರದಿ ಕಳೆದ ನವೆಂಬರ್‌ನಲ್ಲೇ ಬಂದಿತ್ತು. ಅರ್ಜೀಲಿರೋ ನಂಬರಿಗೆ ನಾವು ಫೋನ್ ಮಾಡಿದ್ವಿ. ಬೇಡ ಅಂತ ನಿಮ್ಮ ತಾಯಿ ಹೇಳಿದಾರೆ."

ಅಮ್ಮ ನನ್ನನ್ನು ಹೊತ್ತು ಮೇಲೆ ತಂದು ಕೂರಿಸಿ, ನೆಲದ ಮೇಲೆ ಪತ್ರಿಕೆ ಹಾಸಿಕೊಂಡು ಮೊಳಕೆಕಾಳಿನ ಬಾಲ ಚಿವುಟತೊಡಗಿದಳು.

"ನವೆಂಬರ್‌ನಲ್ಲಿ ಫೋನ್ ಬಂದಿತ್ತಾ?"

ಅವಳ ಕೈ ನಿಂತಿತು. ಸುಳ್ಳು ಹೇಳುವವಳಲ್ಲ ಅವಳು. "ಬಂದಿತ್ತು. ಬೇಡ ಅಂದೆ."

"ಯಾರನ್ನ ಕೇಳಿ?"

"ಯಾರನ್ನ ಕೇಳ್ಬೇಕು? ಹೋದ್ ವರ್ಷ ಬಚ್ಚಲಲ್ಲಿ ಬಿದ್ದೆಯಲ್ಲ, ನಾನು ಅಂಗಡಿಯಿಂದ ಬರೋ ತನಕ ಹಾಗೇ ಬಿದ್ದಿದ್ದೆ ನೀನು. ಒಬ್ಳೇ ಇದ್ದಿದ್ರೆ?"

"ಆ ಬಚ್ಚಲಿಗೆ ಒಂದು ಗೇಣು ಕೆಳಗಿಳಿಯೋ ಮೆಟ್ಟಿಲಿದೆ ಅಮ್ಮ, ಅದಕ್ಕೇ ಬಿದ್ದೆ. ಆ ಮನೇಲಿ ಮೆಟ್ಟಿಲೇ ಇರಲ್ಲ."

"ನೋಡಿದೀಯಾ ನೀನು?"

"ನೋಡೋಕೆ ಬಿಟ್ಯಾ?"

ಅಮ್ಮ ಮತ್ತೆ ಕಾಳಿಗೆ ಕೈಹಾಕಿದಳು. ನನ್ನ ಮುಖ ನೋಡದೆ, "ಆ ಮನೆ ಒಬ್ಬರಿಗೆ ಅಂತೆ. ಫೋನಲ್ಲಿ ಹೇಳಿದ್ರು. ನಿನ್ನ ಎತ್ತೋದು, ಇಳಿಸೋದು, ಅದು ಬಿಟ್ರೆ ನಂಗೆ ಬೇರೆ ಏನ್ ಬರುತ್ತೆ ಸೋಲ್‌ಬಿ?" ಎಂದಳು.

ಕನಿಕರ ಹುಟ್ಟಿತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕಚೇರಿಗೆ ಹೋಗುತ್ತೇನೆಂದೆ. ಅಮ್ಮ ಅಭ್ಯಾಸಬಲದಿಂದ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಬೆನ್ನು ತೋರಿಸಿದಳು.

"ಇವತ್ತು ನಾನೇ ಇಳೀತೀನಿ," ಎಂದೆ.

ದಪ್ಪ ಪ್ಯಾಂಟು ಹಾಕಿಕೊಂಡು ಮೊದಲ ಮೆಟ್ಟಿಲಲ್ಲಿ ಕೂತೆ. ಕೈಯೂರಿ ಮೈ ಎತ್ತಿ ಕೆಳಗಿನ ಮೆಟ್ಟಿಲಿಗೆ, ಆಮೇಲೆ ಕಾಲು ಎಳೆದುಕೊಂಡು, ಮತ್ತೆ ಕೈಯೂರಿ. ಅಮ್ಮ ಎರಡು ಮೆಟ್ಟಿಲು ಹಿಂದೆ ನನ್ನ ಚೀಲ ಹಿಡಿದು ಬಂದಳು. ಅವಳ ಕೈ ಎರಡು ಸಲ ನನ್ನ ಕಂಕುಳಿನ ತನಕ ಬಂದು ಹಿಂದಕ್ಕೆ ಹೋಯಿತು. ಎರಡನೇ ಮಹಡಿಯ ಹ್ವಾಂಗ್ ತಾತ ಕಸ ಹಾಕಲು ಬಾಗಿಲು ತೆರೆದು ನಮ್ಮನ್ನು ನೋಡಿ ನಿಂತ.

"ಏನಮ್ಮಾ ಇದು, ಮಗಳು ಕೂತ್ಕೊಂಡು ಇಳೀತಿದಾಳೆ. ಜಗಳಾನಾ?"

"ವ್ಯಾಯಾಮ," ಎಂದಳು ಅಮ್ಮ.

"ಹಾಗಾದ್ರೆ ನೀನೂ ಕೂತ್ಕೋ," ಎಂದು ತಾತ ಕಸದ ಚೀಲ ಸಮೇತ ಒಳಗೆ ಹೋದ.

ಕೆಳಗೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಅಂಗೈ ಚರ್ಮ ಸುಲಿದುಹೋಗಿತ್ತು.

ಕಚೇರಿಯ ಹುಡುಗಿ ಒಳ್ಳೆಯವಳೇ. ಆದರೆ ನಿಯಮ ನಿಯಮವೇ. "ಬೇಡ ಅಂದ್ಮೇಲೆ ಹೆಸರು ಹೋಗುತ್ತೆ. ಹೊಸದಾಗಿ ಅರ್ಜಿ ಹಾಕಿ. ಎಷ್ಟು ದಿನ ಆಗುತ್ತೋ ಹೇಳೋಕಾಗಲ್ಲ."

ಹಿಂದೆ ನಿಂತಿದ್ದ ಅಮ್ಮ ಮುಂದೆ ಬಂದಳು. "ಬೇಡ ಅಂದವಳು ನಾನು, ಇವಳಲ್ಲ. ತಪ್ಪು ನಂದು ಅಂತ ಅದರಲ್ಲಿ ಬರ್ಕೊಳ್ಳಿ."

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ," ಎಂದಳು ಹುಡುಗಿ ಮೆಲ್ಲಗೆ.

ನಾನು ಹೊಸ ಅರ್ಜಿ ತುಂಬಿ ನನ್ನ ಫೋನ್ ನಂಬರ್ ಬರೆದೆ. ಪಾಲಕರ ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಅಮ್ಮ ಅದನ್ನು ನೋಡಿದಳು.

ಹತ್ತೊಂಬತ್ತು ತಿಂಗಳು ಕಾದೆ. ನಡುವಿನ ಚಳಿಗಾಲದಲ್ಲಿ ಅಮ್ಮನ ಸೊಂಟ ಕೈಕೊಟ್ಟಿತು, ವೈದ್ಯರು ಭಾರ ಎತ್ತಲೇಕೂಡದು ಎಂದರು. ಅಂದಿನಿಂದ ಇಳಿಯುವುದು ಹತ್ತುವುದು ಎರಡೂ ನನ್ನ ಕೈಮೇಲೆಯೇ. ಹತ್ತುವುದು ಒಂದೂವರೆ ಗಂಟೆಯ ಕೆಲಸ. ಎಷ್ಟೋ ವಾರ ಹೊರಗೆ ಹೋಗಲೇ ಇಲ್ಲ. ಫೋನ್ ಬಂದ ದಿನ ನಾನು "ಹೂಂ, ಬೇಕು" ಎಂದು ಎರಡು ಸಲ ಹೇಳಿದೆನಂತೆ. ಅಮ್ಮ ಆಮೇಲೆ ನಕ್ಕಳು.

ಮನೆ ಸಮುದ್ರದ ಕಡೆಯ ಹೊಸ ಬಡಾವಣೆಯ ಆರನೇ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮೂಲೆ. ಹೊಸ್ತಿಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಮೊಣಕಾಲು ತೂರುವಷ್ಟು ಜಾಗ. ಅಮ್ಮ ಗೋಡೆ ತಟ್ಟಿದಳು, ನಲ್ಲಿ ತಿರುಗಿಸಿದಳು, ಕಿಟಕಿಯ ಚಿಲಕ ಎಳೆದಳು. ಕೊನೆಗೆ ಬಚ್ಚಲಿನ ಮುಂದೆ ನಿಂತು, "ಕೆಳಗಿಳಿ," ಎಂದಳು.

"ಯಾಕೆ?"

"ಇಳಿಯೇ ಅಂದ್ರೆ."

ನಾನು ನೆಲಕ್ಕೆ ಜಾರಿದೆ. ಅಮ್ಮ ನನ್ನ ಗಾಲಿಕುರ್ಚಿಯಲ್ಲಿ ಕೂತಳು. ನನ್ನ ಮೂವತ್ತೊಂದು ವರ್ಷದಲ್ಲಿ ಅವಳು ಅದರಲ್ಲಿ ಕೂತದ್ದು ಅದೇ ಮೊದಲು. ಗುಂಡಿ ಒತ್ತಲು ಬಾರದೆ ಒಮ್ಮೆ ಗೋಡೆಗೆ ಗುದ್ದಿ, ಆಮೇಲೆ ಬಚ್ಚಲೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಳಗೆ ಮೋಟರಿನ ಸದ್ದು, ಮೌನ, ಮತ್ತೆ ಸದ್ದು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು.

"ಆರಾಮಾಗಿ ತಿರುಗತ್ತೆ," ಎಂದಳು. "ಗೋಡೆ ಕಂಬಿ ಹಿಡ್ಕೊಂಡ್ರೆ ಬಿದ್ರೂ ಕುರ್ಚಿಗೆ ಹತ್ತೋಕಾಗತ್ತೆ."

ನಾನಿಲ್ಲಿಗೆ ಬಂದು ಒಂದು ವರ್ಷವಾಯಿತು. ಬೆಳಿಗ್ಗೆ ಎರಡು ಗಂಟೆ ಸಹಾಯಕಿ ಬಂದು ಹೋಗುತ್ತಾಳೆ. ಬೇಕೆನಿಸಿದಾಗ ಲಿಫ್ಟ್ ಹಿಡಿದು ದಂಡೆಗೆ ಹೋಗುತ್ತೇನೆ, ಬೇಕೆನಿಸದಿದ್ದರೆ ಹೋಗುವುದಿಲ್ಲ. ಅಮ್ಮ ವೈದ್ಯರ ಮಾತು ಕೇಳಿ ಈಜು ಕಲಿಯುತ್ತಿದ್ದಾಳೆ. ಅವಳಿಗೆ ಅಲ್ಲಿ ಮೂವರು ಗೆಳತಿಯರಾಗಿದ್ದಾರೆ, ಅವರ ಸುದ್ದಿ ಮುಗಿಯುವುದೇ ಇಲ್ಲ. ಆ ಹತ್ತೊಂಬತ್ತು ತಿಂಗಳ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅವಳೂ ಆ ಮಾತೆತ್ತುವುದಿಲ್ಲ.

ಮೊನ್ನೆ ಭಾನುವಾರ ಖಾರ ಹಾಕಿ ಹುದುಗಿಸಿದ ಮೂಲಂಗಿ ಕಿಮ್ಚಿ ತಂದಿದ್ದಳು. ಅದನ್ನು ಕೆಳಗಿನ ಗೂಡಿನಲ್ಲಿಡಲು ಬಗ್ಗಿ, ಎದ್ದು, ಸೊಂಟ ನೀವಿಕೊಂಡಳು.

"ನಿನ್ ಮನೇಲಿ ಎಲ್ಲಾ ಮೊಣಕಾಲ ಹತ್ರಾನೇ. ಬಗ್ಗಿ ಬಗ್ಗಿ ನಂಗೆ ಸಾಕಾಯ್ತು."

"ನೀನು ಕೂತ್ಕೋ ಅಮ್ಮ, ನಾನು ಬಡಿಸ್ತೀನಿ," ಎಂದೆ.

ಅವಳು ಕೂತಳು.