ಗೆರಸಿಯಲ್ಲಿ ಇಲ್ಲದ ಕಲ್ಲು

ನನ್ನ ತಂಗಿ ರಕ್ಷಾ ನಟಿ. ಹೆಗ್ಗೋಡಿನಲ್ಲಿ ನಾಟಕ ಕಲಿತವಳು. ಯಾರು ಹೇಗೆ ಕೂರುತ್ತಾರೆ, ಹೇಗೆ ಎಲೆ ಮಡಿಸುತ್ತಾರೆ, ಎಲ್ಲ ನೋಡಿಟ್ಟುಕೊಂಡು ರಂಗಕ್ಕೆ ತರುವುದು ಅವಳ ಕಸುಬು. ಅಂಥ ಕಣ್ಣಿಗೆ ನೆರೆಮನೆ, ತನ್ನ ಮನೆ ಎಂಬ ಭೇದವಿಲ್ಲ.

ನನ್ನ ಗಂಡ ದೀಪಕ್ ಹೊಸನಗರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ಹೆಣ ಎತ್ತುವವರೆಗೆ ಒಲೆ ಹಚ್ಚುವಂತಿಲ್ಲ. ಅದು ಗೊತ್ತಿದ್ದೂ ಗೆರಸಿಗೆ, ನಮ್ಮ ಕಡೆಯ ಬಿದಿರಿನ ಮೊರಕ್ಕೆ, ಅಕ್ಕಿ ಸುರಿದುಕೊಂಡು ಕಲ್ಲು ಆರಿಸುತ್ತ ಕೂತೆ. ಅಂಗಡಿಯ ಅಕ್ಕಿ, ಕಲ್ಲೇ ಇರಲಿಲ್ಲ. ಕೈ ಮಾತ್ರ ನಿಲ್ಲಲೊಲ್ಲದು. ರಕ್ಷಾ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅಳುತ್ತಲೂ ಇದ್ದಳು, ಸುಳ್ಳು ಯಾಕೆ ಹೇಳಲಿ.

ಮರುವರ್ಷ ಆ ಗೆರಸಿ ಸಾಗರದಲ್ಲಿ ಅವಳ ನಾಟಕಕ್ಕೆ ಬಂತು. ಮಾತೇ ಇಲ್ಲದ ಪ್ರಯೋಗ, ರಂಗದ ಮೇಲೆ ಅವಳು ನನ್ನ ಹಾಗೇ ಕಲ್ಲು ಆರಿಸುತ್ತ ಕೂತಳು. ಅರ್ಧ ಜನಕ್ಕೆ ಅರ್ಥವಾಗಲಿಲ್ಲ, ಉಳಿದವರು ಆದ ಹಾಗೆ ಮಾಡಿದರು. ನನಗೆ ಎಲ್ಲ ಅರ್ಥವಾಯಿತು. ಸಿಟ್ಟು ಬಂದರೂ ಉಳಿದವರ ಜೊತೆ ಚಪ್ಪಾಳೆ ತಟ್ಟಿದೆ. ನಾಟಕವೆಂದರೆ ಆಡಿದ ರಾತ್ರಿಗೇ ಮುಗಿಯುತ್ತದೆ.

ಆಮೇಲೆ ಅವಳ ಗೆಳೆಯರೆಲ್ಲ ಸೇರಿ ಮಾಸ್ತಿಕಟ್ಟೆಯಲ್ಲಿ ಸಿನಿಮಾ ತೆಗೆದರು. ಅದು ಟಾಕೀಸಿಗೆ ಬರಲಿಲ್ಲ. ಗೆರಸಿಯ ತುಣುಕು ಮಾತ್ರ ಎಲ್ಲರ ಮೊಬೈಲಿಗೂ ಬಂತು. ವರ್ಷಗಟ್ಟಲೆ ರಂಗದ ಮೇಲೆ ಬೆವರು ಸುರಿಸಿದರೂ ಬಾರದ ಹೆಸರು ಅವಳಿಗೆ ನನ್ನ ಗಂಡ ಸತ್ತ ದಿನದಿಂದ ಬಂತು.

"ಒಂದು ಮಾತು ಕೇಳ್ಬೇಕಿತ್ತು ನೀನು. ಸಿನಿಮಾ ಹಂಗೇ ಉಳೀತದೆ ಕಣೇ," ಎಂದೆ.

"ಉಳೀಲಿ ಅಂತ್ಲೇ ಮಾಡಿದ್ದು ಅಕ್ಕಾ. ಭಾವಂದು ಬೇರೆ ಎಂತ ಉಳಿದದೆ ಹೇಳು?"

ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ.

ಹೋದ ತಿಂಗಳು ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ ತೀರಿಕೊಂಡಳು. ಮತ್ತೆ ನನಗೆ ಅಳು ಬರಲಿಲ್ಲ. ಕೈ ತಾನಾಗಿ ಗೆರಸಿಗೆ ಹೋಯಿತು. ಅಕ್ಕಿ ಸುರಿದುಕೊಂಡು ಕೂತೆನೋ ಇಲ್ಲವೋ, ಪಕ್ಕದ ಮನೆಯ ಕನ್ನಮ್ಮ ಯಾರಿಗೋ ಪಿಸುಗುಟ್ಟಿದ್ದು ಕೇಳಿಸಿತು.

"ನೋಡ್ರೇ, ತಂಗಿ ಸಿನಿಮಾದಾಗೆ ಮಾಡಿದಂಗೇ ಮಾಡ್ತಾಳೆ. ಹೆತ್ತವ್ವ ಸತ್ತಾಗ್ಲೂ ಎಂತ ನಾಟ್ಕ ಇದು."

ನನ್ನ ಬೆರಳು ನಿಂತವು. ಆರಿಸಿದರೆ ನಾಟಕ, ಬಿಟ್ಟರೆ ಎದೆ ಒಡೆಯುತ್ತದೆ. ರಕ್ಷಾಳಿಗೂ ಕೇಳಿಸಿತ್ತು. ಬಂದು ಎದುರಿಗೆ ಕೂತಳು. ನಾನು ಗೆರಸಿಯನ್ನು ಅವಳ ಮಡಿಲಲ್ಲಿಟ್ಟೆ.

"ತಗೋ, ಇದು ನಿಂದೇ ಆಯ್ತಲ್ಲ. ಇನ್ನು ನಾನು ಹ್ಯಾಂಗೆ ಅಳ್ಲಿ? ಕಲಿತವಳು ನೀನು, ಹೇಳಿಕೊಡು."

ಊರವರ ಅಳುವನ್ನೆಲ್ಲ ಬಲ್ಲ ನನ್ನ ತಂಗಿ ಬಾಯಿ ತೆರೆದಳು. ಆಮೇಲೆ ತಲೆ ತಗ್ಗಿಸಿ, ಕಲ್ಲೇ ಇಲ್ಲದ ಆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.