ಕತ್ತರಿಯ ಮೇಲಿನ ನೀಲಿ
ಬಸ್ಸಿನ ಕಿಟಕಿಯಾಚೆ ನೀರು ನೀಲಿ, ಅನಗವಾಡಿಯ ಸೇತುವೆ ಬಂತು, ಬಾಗಲಕೋಟೆ ಇನ್ನು ದೂರವಿಲ್ಲ, ಪರೀಕ್ಷೆ ಹತ್ತಕ್ಕೆ, ನೀಲಿ ಎಂದರೆ ಮುನ್ನೂರು ಡಿಗ್ರಿ, ಹಳದಿ ಇನ್ನೂರಾ ಮೂವತ್ತು — ಗಡಸು ಉಕ್ಕನ್ನು ಮತ್ತೆ ಕಾಯಿಸಿದಾಗ ಅದರ ಮೈಮೇಲೆ ಏಳುವ ಬಣ್ಣಗಳು, ಎರಡು ಸಲವೂ ಇದನ್ನೇ ತಿರುವುಮುರುವಾಗಿ ಬರೆದೆ, ಹಳದಿ ಬೆಂಕಿಯ ಬಣ್ಣವಲ್ಲವೇ, ಅದೇ ಹೆಚ್ಚು ಬಿಸಿ ಎಂದುಕೊಂಡು, ಎರಡು ಸಲವೂ ಪಾಸಾಗಲು ಎರಡೇ ಅಂಕ ಕಡಿಮೆ. ಇದು ಮೂರನೆಯದು, ಕೊನೆಯದು. ಪಾಸಾದರೆ ಕಾರ್ಖಾನೆಯ ಲೋಹ ಪರೀಕ್ಷಾ ವರದಿಯ ಕೆಳಗೆ ನನ್ನ ಹೆಸರು, ಉಮಾಶ್ರೀ, ನನ್ನದೇ ಸಹಿ, ಇಲ್ಲದಿದ್ದರೆ ಈ ಆರು ವರ್ಷದ ಹಾಗೆ ಅಳೆಯುವವಳು ನಾನು, ಸಹಿ ರಾಮಣ್ಣ ಸಾಹೇಬರದು — ಪಕ್ಕದ ಅಜ್ಜಿ ಮೂಗು ಅರಳಿಸುತ್ತಾಳೆ, ಕುರಿ ವಾಸನಿ ಎಲ್ಲಿಂದ ಬರಾಕತ್ತೈತಿ ತಂಗಿ, ನನ್ನ ಚೀಲದಾಗಿಂದ ಆಯಿ, ಅಪ್ಪನ ಉಣ್ಣಿ ಕತ್ತರಿ, ಪರೀಕ್ಷಾಕ್ಕ ಹೊಂಟೇನಿ, ಕತ್ತರಿ ಹಿಡಕೊಂಡ ಪರೀಕ್ಷಾಕ್ಕ? ಮಾಸ್ತರನ ತಲಿ ಬೋಳಸ್ತಿ ಏನು, ಇಡೀ ಬಸ್ಸು ನಗುತ್ತದೆ, ನಾನೂ.

ಎಂಟು ದಿನದ ಹಿಂದೆ ಉಣ್ಣೆ ಕತ್ತರಿಸುವ ದಿನ, ಅಲಗಿಗೆ ಹೋದ ವರ್ಷದ ಜಿಡ್ಡು ಅಂಟಿತ್ತು, ಬೂದಿ ಹಾಕಿ ತಿಕ್ಕಬೇಕಾದ ಅಪ್ಪ ಅವಸರಕ್ಕೆ ಕತ್ತರಿಯ ತುದಿಯನ್ನು ಕೆಂಡದಲ್ಲಿಟ್ಟ, ಜಿಡ್ಡು ಸುಟ್ಟಿತು, ಹರಿತವೂ ಹೋಯಿತು, ಮೂರನೆಯ ಕುರಿಯ ಮೇಲೆ ಉಣ್ಣೆ ತುಂಡಾಗದೆ ಮಡಚಿಕೊಂಡಿತು, ಕುರಿ ಕೊಸರಿಕೊಂಡು ಓಡಿತು, ಅರ್ಧ ಮೈ ಬೋಳು, ಅರ್ಧ ಮೈ ಉಣ್ಣೆ, ಸಂಜೆಯವರೆಗೂ ಹಾಗೇ ಹಟ್ಟಿಯ ತುಂಬ ಮೆರೆಯಿತು, ಅವ್ವ ಕಂಬಕ್ಕೆ ಒರಗಿ ನಕ್ಕಳು, ಉಳದ ಕುರಿನೂ ನಿಮ್ಮನ್ನ ನೋಡಿ ನಗಾಕತ್ತಾವ ನೋಡ್ರಿ. ನಾನು ಕತ್ತರಿ ಎತ್ತಿಕೊಂಡು ಸೆರಗಿನಿಂದ ಒರೆಸಿದೆ, ನನ್ನ ಪುಸ್ತಕದ ಇಡೀ ಪುಟ ಅಲಗಿನ ಮೇಲೆ, ಹಿಡಿಯ ಕಡೆ ಜೋಳದ ಕಣಿಕೆಯ, ಒಣ ದಂಟಿನ ಹಳದಿ, ಆಮೇಲೆ ಕಂದು, ನೇರಳೆ, ಕೆಂಡ ಮುಟ್ಟಿದ ತುದಿಯಲ್ಲಿ ನೀಲಿ. ಅಪ್ಪನಿಗೆ ತೋರಿಸಿದೆ, ಆತ ಅಲಗನ್ನು ಬೆಳಕಿಗೆ ಹಿಡಿದು ಹೇಳಿದ — ನೀ ಎರಡ ಸಲ ತಪ್ಪ ಮಾಡಿದಿ, ನಾ ಒಮ್ಮಿ ಮಾಡಿದೆ, ಇನ್ನ ಮನ್ಯಾಗ ಯಾರೂ ಮಾಡೂದು ಬ್ಯಾಡ, ಇದನ್ನ ತಗೊಂಡ ಹೋಗು.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಕಾವಲುಗಾರ ಚೀಲ ಬಿಚ್ಚಿಸಿದ, ಇದ ಒಳಗ ನಡೆಂಗಿಲ್ರಿ ಅಕ್ಕಾರ, ಕತ್ತರಿ ಅವನ ಮೇಜಿನ ಮೇಲೆ ಉಳಿಯಿತು, ಕೈಯಲ್ಲಿ ಮಾತ್ರ ಕುರಿಯ ವಾಸನೆ, ಹದಿನೇಳನೆಯ ಪ್ರಶ್ನೆ, ಬಣ್ಣಗಳನ್ನು ಕಡಿಮೆ ಉಷ್ಣತೆಯಿಂದ ಹೆಚ್ಚು ಉಷ್ಣತೆಯ ಕ್ರಮದಲ್ಲಿ ಬರೆಯಿರಿ, ಪೆನ್ನು ನಿಲ್ಲುತ್ತದೆ, ಹಳದಿ ಮತ್ತೆ ಬೆಂಕಿಯ ಹಾಗೆ ಏಳುತ್ತದೆ, ಹೆಚ್ಚು ಬಿಸಿ, ಅಲ್ಲ, ಅರ್ಧ ಬೋಳು ಕುರಿ ಹಾಲ್‌ನೊಳಗೆ ಓಡಿ ಬರುತ್ತದೆ, ನಗು ಬರುತ್ತಿದೆ, ನಗಬಾರದು, ಹಿಡಿಯಿಂದ ಶುರು ಮಾಡು, ಕಣಿಕೆಯ ಹಳದಿ, ಕಂದು, ನೇರಳೆ, ಕೆಂಡದಲ್ಲಿದ್ದದ್ದು ತುದಿ, ತುದಿಯಲ್ಲಿ ನೀಲಿ, ಅಪ್ಪನ ಕತ್ತರಿಯ ತುದಿ, ನೀಲಿ —