ನೀರು ತಾಗಿಸಬಾರದ ಕಲ್ಲು

ನನ್ನ ತಂಗಿ ರಾಜಿಯ ದೇವರ ಕೋಣೆಗೆ ಆ ನೀಲಿ ಕಲ್ಲು ಬಂದಿದ್ದು ತೊಂಬತ್ತಾರನೇ ಇಸವಿಯಲ್ಲಿ. ತಂದುಕೊಟ್ಟವನು ಅವಳ ಮೈದುನ ಜಂಬಣ್ಣ. ಅವನಿಗೆ ಚಿತ್ರದುರ್ಗದ ಹತ್ತಿರ ತಾಮ್ರದ ಗಣಿಯಲ್ಲಿ ಕೆಲಸ. ಹಳೆಯ ಸುರಂಗದ ಗೋಡೆಯಲ್ಲಿ ನೀರು ಜಿನುಗಿ ಒಣಗುವ ಕಡೆ ಮಾತ್ರ ಇದು ಉಪ್ಪಿನ ಹಾಗೆ ಬೆಳೆಯುತ್ತದೆ, ನಿಂಬೆಹಣ್ಣಿನ ಗಾತ್ರದ್ದು ಸಿಗುವುದು ಅಪರೂಪ ಎಂದು ಹೇಳಿದ್ದ. ನೀರು ತಾಗಿಸಬೇಡಿ ಅಂತಲೂ ಹೇಳಿದ್ದ. ವಿಷ ಅಂತ ಮಾತ್ರ ಹೇಳಲಿಲ್ಲ ಆ ಮಹಾನುಭಾವ. ಷೋಕೇಸಿಗೆಂದು ಕೊಟ್ಟಿದ್ದನ್ನು ಇವಳು ನೀಲಕಂಠ ಎಂದು ವಿಭೂತಿ ಹಚ್ಚಿ ಕೂರಿಸಿದಳು.

ಎರಡು ವರ್ಷ ಕಲ್ಲು ತನ್ನ ಪಾಡಿಗಿತ್ತು. ಆಮೇಲೆ ಅವಳ ಮಗ ರುದ್ರೇಶನಿಗೆ ಕಾಮಾಲೆ ಬಂತು. ಡಾಕ್ಟರ ಔಷಧಿ ನಡೆದೇ ಇತ್ತು, ಇವಳಿಗೆ ಸಾಲಲಿಲ್ಲ. ಒಂದು ಸೋಮವಾರ ನಾನು ಭದ್ರಾವತಿಯಿಂದ ರವೀಂದ್ರನಗರದ ಅವರ ಮನೆಗೆ ಹೋದರೆ, ಕಲ್ಲಿಗೆ ಅಭಿಷೇಕ ಮುಗಿಸಿ ಹುಡುಗನ ಪಕ್ಕ ಕೂತಿದ್ದಾಳೆ. ಬೆಳ್ಳಿ ಬಟ್ಟಲಲ್ಲಿ ತಿಳಿನೀಲಿ ನೀರು. ಬೆರಳದ್ದಿ ನನ್ನ ನಾಲಿಗೆಗೆ ಮುಟ್ಟಿಸಿಕೊಂಡೆ. ಹೊಳಲೂರಿನ ಅಡಿಕೆ ತೋಟಗಳಲ್ಲಿ ಮದ್ದು ಹೊಡೆದು ಬೆಳೆದವನಿಗೆ ಆ ಒಗರು ಗೊತ್ತಾಗದೆ ಇರುತ್ತದೆಯೇ? ಬಟ್ಟಲನ್ನು ಅವಳ ಕೈಯಿಂದ ಹೊಡೆದು ಬೀಳಿಸಿದೆ. ಅಷ್ಟರಲ್ಲಿ ಎರಡು ಚಮಚ ಒಳಗೆ ಹೋಗಿತ್ತು.

ಹುಡುಗ ಆಟೋದಲ್ಲೇ ನೀಲಿ ನೀಲಿ ವಾಂತಿ ಮಾಡಿದ. ನರ್ಸಿಂಗ್ ಹೋಮಿನಲ್ಲಿ ಬದುಕಿಸಿದರು. ಕೆಲವು ದಿನಕ್ಕೆ ಕಣ್ಣಿನ ಹಳದಿಯೂ ಇಳಿಯಿತು. ಅಲ್ಲೇ ಎಡವಟ್ಟಾಗಿದ್ದು. ಮೈಯಲ್ಲಿದ್ದ ಕಾಮಾಲೆಯೆಲ್ಲ ಆ ವಾಂತಿಯಲ್ಲಿ ಹೋಯಿತು, ಮಗನಿಗಾಗಿ ದೇವರು ತಾನೇ ಅರ್ಧ ಕರಗಿದ ಎಂದು ರಾಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮುಂದಿನ ಸಲ ನಾನು ಹೋದಾಗ ಪಕ್ಕದ ಮನೆಯ ಸುಭದ್ರಮ್ಮ ಖಾಲಿ ಬಾಟಲಿ ಹಿಡಿದು ನಡುಮನೆಯಲ್ಲಿ ಕೂತಿದ್ದರು. ಅವರ ಮೊಮ್ಮಗಳಿಗೂ ಕಾಮಾಲೆಯಂತೆ. ಎರಡು ವರ್ಷದ ಕೂಸು. ಬಟ್ಟಲಲ್ಲಿ ನೀಲಿ ನೀರು ಸಿದ್ಧವಾಗಿತ್ತು.

"ಇದು ಅಡಿಕೆಗೆ ಹೊಡೆಯೋ ಮೈಲುತುತ್ತ ಕಣೆ, ಮಾರಾಯ್ತಿ" ಎಂದೆ.

"ಮೈಲುತುತ್ತ ಗಾಂಧಿ ಬಜಾರಲ್ಲಿ ಪ್ಯಾಕೆಟ್ಟಲ್ಲಿ ಸಿಗುತ್ತೆ. ಇದು ಭೂಮಿತಾಯಿ ಹೊಟ್ಟೇಲಿ ಹುಟ್ಟಿದ್ದು" ಎಂದಳು.

ಕಣ್ಣಾರೆ ತೋರಿಸೋಣ ಎಂದುಕೊಂಡೆ. ಕಬ್ಬಿಣದ ಜೊತೆ ಕೆಲಸ ಮಾಡುವವನು ನಾನು. ಎಲೆಅಡಿಕೆ ತಟ್ಟೆಯಲ್ಲಿದ್ದ ಅಡಕತ್ತನ್ನು ಆ ನೀರಿಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದೆ. ಅಲಗಿಗೆ ಕೆಂಪಗೆ ತಾಮ್ರ ಹತ್ತಿತ್ತು. ನೋಡಿ, ಕಬ್ಬಿಣಕ್ಕೇ ಹೀಗಾದರೆ ಕೂಸಿನ ಕರುಳು ಏನಾಗಬೇಕು ಎಂದು ಕೇಳಿದೆ.

ಸುಭದ್ರಮ್ಮ ಎದ್ದು ಕೈಮುಗಿದರು. "ಕುಂಕುಮ ಕೊಟ್ಟ ನೋಡಮ್ಮ ಸ್ವಾಮಿ" ಎಂದರು. ರಾಜಿಯ ಕಣ್ಣು ತುಂಬಿಬಂತು.

ನನಗೆ ತಲೆ ಕೆಟ್ಟುಹೋಯಿತು. ಬರೀ ಬಾಯಿಮಾತಿನಿಂದ ಆಗುವುದಿಲ್ಲ ಅನ್ನಿಸಿತು. ಬಟ್ಟಲು ಎತ್ತಿಕೊಂಡೆ.

"ಸರಿ, ಕೂಸಿಗಿಂತ ಮುಂಚೆ ನಾನು ಕುಡೀತೀನಿ. ಪೂರ್ತಿ."

ಬೆದರಿಸಲು ಆಡಿದ ಮಾತಲ್ಲ. ಬಟ್ಟಲಿನ ಅಂಚು ತುಟಿಗೆ ತಾಗಿತ್ತು. ಅಷ್ಟರಲ್ಲಿ ರಾಜಿಯ ಕೈ ಬಂದು ಬಡಿಯಿತು. ಬಟ್ಟಲು ಗೋಡೆಗೆ ಹೋಗಿ ಬಿತ್ತು, ನನ್ನ ಬಿಳಿ ಅಂಗಿಯೆಲ್ಲ ನೀಲಿ.

ಒಳಕೋಣೆಯಿಂದ ರುದ್ರೇಶ ಏನಾಯ್ತಮ್ಮ ಎಂದು ಕೇಳಿದ, ಅವಳು ಬಗ್ಗಿ ಬಟ್ಟಲು ಹೆಕ್ಕಿಕೊಂಡಳು. ಸುಭದ್ರಮ್ಮ ನನ್ನ ಮುಖ ನೋಡಿದರು, ರಾಜಿಯ ಮುಖವನ್ನು ಇನ್ನೂ ಹೆಚ್ಚು ಹೊತ್ತು ನೋಡಿದರು. ಖಾಲಿ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ದೇವರ ಕೋಣೆಗೆ ಹೋಗಿ ಉಳಿದ ಕಲ್ಲನ್ನು ಪೇಪರಿನಲ್ಲಿ ಸುತ್ತಿಕೊಂಡೆ. ತಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ಎತ್ತದೆ ನೆಲ ಒರೆಸುತ್ತಿದ್ದಳು. ನಾನು ಹೊಸಿಲು ದಾಟುವಾಗ ಮಾತ್ರ ಹೇಳಿದಳು:

"ಅದನ್ನ ಹೊಳೆಗೆ ಬಿಡಬೇಡ ಅಣ್ಣ. ಮೀನು ಸಾಯ್ತವೆ."